ಎಷ್ಟು ಕೊಡ್ಲಿ ಸಾರ್?

ನಮ್ಮ ಕಡೆಯವರು ಮನೆ ಬದಲಾಯಿಸುತ್ತಾರೆ, ಮಕ್ಕಳ ಸ್ಕೂಲು ಬದಲಾಯಿಸುತ್ತಾರೆ, ಪಕ್ಷವನ್ನಂತೂ ಚುನಾವಣೆಗೊಮ್ಮೆ ಬದಲಾಯಿಸುತ್ತಾರೆ. ಆಡಿಟರನ್ನು ಮಾತ್ರ ಮುಟ್ಟುವುದಿಲ್ಲ. ಅಂಗಡಿಯ ಗುಟ್ಟೆಲ್ಲ ಅವರಿಗೆ ಗೊತ್ತು ಎಂಬ ಭಯ ಒಂದು ಕಡೆ, ಮಗಳ ಮದುವೆಗೆ ಬಂದು ಉಂಡು ಹೋದವರು ಎಂಬ ದಾಕ್ಷಿಣ್ಯ ಇನ್ನೊಂದು ಕಡೆ. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಭಾವ ಎರಡನ್ನೂ ಮೀರಿ ಹೊಸಬರ ಹತ್ತಿರ ಹೋಗುವುದೆಂದು ತೀರ್ಮಾನಿಸಿದಾಗ, ಅಕ್ಕ ಎದ್ದವಳೇ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು.

ಭಾವ ಮೊಳೆಯನ್ನು ಗ್ರಾಂ ಲೆಕ್ಕದಲ್ಲಿ ತೂಗುವ ಮನುಷ್ಯ. ಸಿಮೆಂಟ್ ಮೂಟೆಗೆ ಎರಡು ರೂಪಾಯಿ ಇಳಿಸಲು ಅರ್ಧ ಗಂಟೆ ಮಾತಾಡಬಲ್ಲರು. ಆದರೆ ಹಳೆಯ ಆಡಿಟರ ಎದುರು ಮಾತ್ರ ಮಾತು ಎರಡೇ ಸಾಲು: "ಎಷ್ಟು ಕೊಡ್ಲಿ ಸಾರ್?" "ನಿಮಗೆ ತಿಳಿದಷ್ಟು ಕೊಡಿ, ನಮ್ಮ ನಿಮ್ಮಲ್ಲಿ ಏನಿದೆ." ಪುರೋಹಿತರ ದಕ್ಷಿಣೆಯ ಹಾಗೆ, ಕೊಟ್ಟವರಿಗೆ ಜಾಸ್ತಿಯಾಯಿತೇನೋ ಎಂಬ ಕೊರಗು, ಇಸಕೊಂಡವರಿಗೆ ಕಮ್ಮಿಯಾಯಿತಲ್ಲ ಎಂಬ ಕೊರಗು. ನನ್ನನ್ನು ಕೇಳಿದರೆ ಇದಕ್ಕಿಂತ ದುಬಾರಿ ಫೀಸು ಬೇರೆ ಇಲ್ಲ. ಬಿಡುವ ಸುದ್ದಿ ಮುಟ್ಟಿದ ವಾರದಲ್ಲೇ ಬಿಲ್ಲು ಬಂತು: ಜಿಎಸ್‌ಟಿ ನೋಟಿಸಿಗೆ ಬರೆದುಕೊಟ್ಟ ಉತ್ತರ, ಬ್ಯಾಂಕಿನ ಓಡಿಗೆ ಮಾಡಿಕೊಟ್ಟ ಪ್ರಾಜೆಕ್ಷನ್, ಅಕ್ಕನ ಹೆಸರಿನ ರಿಟರ್ನು. ಎಲ್ಲವನ್ನೂ ಮಾಡಿಕೊಟ್ಟದ್ದು ನಿಜ. "ಇದೆಲ್ಲ ಸೇರೇ ಅಂದ್ಕೊಂಡಿದ್ದೆ" ಅಂದರು ಭಾವ. "ಸೇರಿ ಅಂತ ನಾನು ಯಾವತ್ತು ಹೇಳಿದ್ದೆ?" ಅಂದರು ಅವರು. ಇಬ್ಬರೂ ಸುಳ್ಳಾಡುತ್ತಿರಲಿಲ್ಲ.

ಜಾರಿಕೊಳ್ಳುವ ಹಾಗೂ ಇಲ್ಲ. ಬೇರೊಬ್ಬ ಸಿಎ ಮಾಡುತ್ತಿದ್ದ ಆಡಿಟನ್ನು ಹಿಡಿಯುವ ಮೊದಲು ಹೊಸಬರು ಅವರಿಗೆ ಬರೆದು ತಿಳಿಸಬೇಕು. ತಿಳಿಸದಿದ್ದರೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಕೆಳಗೆ ಅದು ವೃತ್ತಿಯ ದುರ್ನಡತೆ. ಊರಲ್ಲಿ ಇದನ್ನು ಎನ್‌ಒಸಿ ಎಂದು ಕರೆದು ಹೆದರುತ್ತಾರೆ. ಕಾಯ್ದೆ ಕೇಳುವುದು ಪತ್ರವನ್ನೇ ಹೊರತು ಹಳಬರ ಅಪ್ಪಣೆಯನ್ನಲ್ಲ. ಆದರೆ ತಕರಾರಿಲ್ಲದ ಆಡಿಟ್ ಫೀಸು ಬಾಕಿ ಇದ್ದರೆ ಕೆಲಸ ಒಪ್ಪಿಕೊಳ್ಳಬಾರದೆಂದು ಸಿಎಗಳ ಸಂಸ್ಥೆಯೇ ನಿಯಮ ಮಾಡಿದೆ. ಭಾವ ಆಡಿಟಿನ ದುಡ್ಡು ಅವತ್ತೇ ಚುಕ್ತಾ ಮಾಡಿ, ಉಳಿದದ್ದಕ್ಕೆ ತಕರಾರು ತೆಗೆದರು. ಎರಡು ಸುತ್ತು ಕಾಫಿಯಲ್ಲಿ ಅದೂ ಇತ್ಯರ್ಥವಾಯಿತು.

ದುಡ್ಡಿಗಿಂತ ದೊಡ್ಡ ಪಂಚಾಯ್ತಿ ಓಟಿಪಿಯದು. ಆದಾಯ ತೆರಿಗೆ, ಜಿಎಸ್‌ಟಿ ಎರಡೂ ಪೋರ್ಟಲ್ಲಿನಲ್ಲಿ ಕೊಟ್ಟಿದ್ದ ಮೊಬೈಲ್ ನಂಬರು ಹಳೆಯ ಆಫೀಸಿನ ಹುಡುಗನದು. ಅವನು ಆ ಕೆಲಸ ಬಿಟ್ಟು ಬೆಂಗಳೂರಲ್ಲಿ ರಾತ್ರಿ ಪಾಳಿಗೆ ಸೇರಿದ್ದ. ಒಂದು ಮಧ್ಯಾಹ್ನ ಅವನನ್ನು ನಿದ್ದೆಯಿಂದ ಎಬ್ಬಿಸಲಾಯಿತು. ಪಾಪ, ಆರು ಅಂಕಿ ಓದಿ ಹೇಳಿ ಮತ್ತೆ ಮಲಗಿದ. ಭಾವನ ಇಡೀ ವ್ಯಾಪಾರದ ಕೀಲಿಕೈ ಅಷ್ಟು ದಿನ ಅವನ ದಿಂಬಿನ ಪಕ್ಕದಲ್ಲಿತ್ತು!

ಹೊಸ ಆಡಿಟರು ವಯಸ್ಸಿನಲ್ಲಿ ಭಾವನ ಮಗಳಷ್ಟು. ಕೂತ ಕೂಡಲೇ ಕರಾರು ಪತ್ರ ಮುಂದಿಟ್ಟರು. ಟ್ಯಾಕ್ಸ್ ಆಡಿಟಿಗೆ ಇಷ್ಟು, ತಿಂಗಳ ಜಿಎಸ್‌ಟಿ ರಿಟರ್ನಿಗೆ ಇಷ್ಟು, ನೋಟಿಸು ಬಂದರೆ ಬೇರೆ, ಎಲ್ಲದರ ಮೇಲೆ 18% ಜಿಎಸ್‌ಟಿ. ಅಂಗಡಿಯ ಬಿಲ್ಲುಗಳು 5ನೇ ತಾರೀಕಿನೊಳಗೆ ಕೈಸೇರಬೇಕು, ತಡವಾದರೆ ದಂಡ ನಿಮ್ಮದೇ. ಬಿಡುವುದಾದರೆ ಒಂದು ತಿಂಗಳು ಮುಂಚೆ ಹೇಳಬೇಕು, ಬಿಟ್ಟ ದಿನ ಟ್ಯಾಲಿ ಬ್ಯಾಕಪ್ಪು ನಿಮ್ಮ ಕೈಗೆ. ಭಾವನ ಮುಖ ಸಣ್ಣಗಾಯಿತು. "ಬರೋಕ್ ಮುಂಚೆನೇ ಹೋಗೋ ಮಾತೇನಮ್ಮಾ?" ಆಕೆ ನಕ್ಕರು, ಪತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ವ್ಯಾಪಾರಿಯ ಚಟ ಬಿಡಬೇಕಲ್ಲ: "ಉಳಿಸಿಕೊಟ್ಟ ತೆರಿಗೇಲಿ ಇಷ್ಟು ಪರ್ಸೆಂಟ್ ಅಂತ ಇಟ್ಕೊಂಡ್ರೆ?" ಫಲಿತಾಂಶ ನೋಡಿ ಫೀಸು ತೆಗೆದುಕೊಳ್ಳುವುದು ಅವರಿಗೆ ಅದೇ ಕಾಯ್ದೆಯಲ್ಲಿ ನಿಷಿದ್ಧ. ಭಾವ ಸಹಿ ಹಾಕಿದರು. ಈಗ ಆಡಿಟರ ಆಫೀಸಿಗೆ ಹೋಗುವಾಗ ಎದೆ ಹೊಡೆದುಕೊಳ್ಳುವುದಿಲ್ಲವಂತೆ, ಬಿಲ್ಲು ತಡವಾದ ತಿಂಗಳು ಬಿಟ್ಟರೆ.

ನಿಮಗೂ ಆಡಿಟರನ್ನು ಬದಲಾಯಿಸುವ ಮನಸ್ಸಿದ್ದರೆ ಏಪ್ರಿಲ್ಲಿನಲ್ಲೇ ಹೋಗಿ, ಎಷ್ಟು ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. ಟ್ಯಾಕ್ಸ್ ಆಡಿಟಿನ ಗಡುವು ಸೆಪ್ಟೆಂಬರ್ 30. ಆ ತಿಂಗಳು ಹಳಬರೂ ಫೋನ್ ಎತ್ತುವುದಿಲ್ಲ, ಹೊಸಬರೂ ಎತ್ತುವುದಿಲ್ಲ.