ಫುಲ್‌ಸ್ಟಾಪಿನ ಪಕ್ಕದ ಹದಿನೇಳು

ರಾತ್ರಿ ಎರಡೂಕಾಲು. ಪಿಜಿ ಹಾಸ್ಟೆಲಿನ ರೂಮು. ಲೇಖನ ಕಳಿಸಲು ಬೆಳಗಾದರೆ ಕೊನೇ ದಿನ. ಡಾಕ್ಟರು ಹುಡುಗ ಕೀಬೋರ್ಡಿನ ಮೇಲೆಯೇ ಕೆನ್ನೆಯಿಟ್ಟು ನಿದ್ದೆಹೋಗಿದ್ದಾನೆ. ಕೆನ್ನೆಯ ಭಾರಕ್ಕೆ ಪರದೆಯ ತುಂಬ 'ಜೆ ಜೆ ಜೆ' ಅಂತ ಸಾಲು ಓಡುತ್ತಿದೆ. ಚರ್ಚೆಯ ಎರಡನೇ ಪ್ಯಾರಾದಲ್ಲಿ, ಒಂದು ವಾಕ್ಯದ ಕೊನೆಗೆ, ಫುಲ್‌ಸ್ಟಾಪಿನ ಎಡಕ್ಕೆ, ಬಸ್ಸಿನ ಟಾಪಿನಲ್ಲಿ ಕೂತವನಂತೆ ಕಾಲು ಇಳಿಬಿಟ್ಟು ಕೂತಿತ್ತು ಉಲ್ಲೇಖ ಸಂಖ್ಯೆ 17. ನಿದ್ದೆ ಬಂದ ಹಾಗಿರಲಿಲ್ಲ. ಮಾತಿಗೆಳೆದೆ.

ನಾನು: ನಮಸ್ಕಾರ. ಹದಿನೇಳು ಅಂತ ಕರೆಯಬಹುದೆ?

17: ಸದ್ಯಕ್ಕೆ ಕರೀರಿ. ಸಂಜೆವರೆಗೂ ಹನ್ನೆರಡಾಗಿದ್ದೆ. ಗೈಡ್ ಸರ್ ಬಂದು ಪೀಠಿಕೆಯಲ್ಲಿ ತಮ್ಮ ಐದು ಪೇಪರು ತೂರಿಸಿದರು, ಹದಿನೇಳಾದೆ. ನಮ್ಮದು ವ್ಯಾಂಕೂವರ್ ಮನೆತನ ಸ್ವಾಮಿ. ಲೇಖನದಲ್ಲಿ ಯಾರು ಮೊದಲು ಬರ್ತಾರೋ ಅವರಿಗೆ ಮೊದಲ ನಂಬರು. ರೇಷನ್ ಅಂಗಡಿ ಕ್ಯೂ ಇದ್ದ ಹಾಗೆ. ನಡುವೆ ಒಬ್ಬರು ನುಗ್ಗಿದರೆ ಹಿಂದಿರೋರೆಲ್ಲ ಚೀಲ ಎತ್ತಿಕೊಂಡು ಸರೀಬೇಕು.

ನಾನು: ವ್ಯಾಂಕೂವರ್ ಕೆನಡಾದಲ್ಲಲ್ಲವೇ ಇರೋದು?

17: ಅಲ್ಲೇ. 1978ರ ಜನವರಿಯಲ್ಲಿ ವೈದ್ಯಕೀಯ ಪತ್ರಿಕೆಗಳ ಒಂದಷ್ಟು ಸಂಪಾದಕರು ಅಲ್ಲಿ ಸೇರಿದರು. ಅಲ್ಲಿಯವರೆಗೆ ಒಂದೊಂದು ಪತ್ರಿಕೆಗೂ ಒಂದೊಂದು ಮಡಿ. ಇಲ್ಲಿ ಬೇಡ ಅಂದರೆ ಅಲ್ಲಿಗೆ ಕಳಿಸೋಕೆ ಉಲ್ಲೇಖಗಳ ಇಡೀ ಪಟ್ಟಿ ಹೊಸದಾಗಿ ಕುಟ್ಟಬೇಕು, ಅದೂ ಟೈಪ್‌ರೈಟರಿನಲ್ಲಿ. ಎಲ್ಲರಿಗೂ ಒಂದೇ ನಿಯಮ ಇರಲಿ ಅಂತ ಮಾತಾಡಿಕೊಂಡು 1979ರಲ್ಲಿ ಪ್ರಕಟಿಸಿದರು. ಪಟ್ಟಿ ಹೇಗಿರಬೇಕು ಅಂತ ರೂಪಿಸಿಕೊಟ್ಟಿದ್ದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ.

ನಾನು: ಅಲ್ಲಿಗೆ ರಗಳೆ ಮುಗೀತು.

17: ಮುಗಿಯೋದೆ? ಹತ್ತು ಮಠ ಹೋಗಿ ಒಂದೇ ಮಠದಲ್ಲಿ ನೂರು ಪಂಗಡ ಆಯ್ತು. ಆರು ಲೇಖಕರ ತನಕ ಹೆಸರು ಬರೀರಿ, ಮಿಕ್ಕವರಿಗೆ 'ಎಟ್ ಆಲ್' ಅನ್ನಿ, ಅಂತ ಒಂದು ಕಡೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಪದ್ಧತಿ ಹಿಡಿದರೆ, ಆರು ದಾಟಿದ ಕೂಡಲೇ ಮೂವರ ಹೆಸರೇ ಸಾಕು. ಅಂದರೆ ಏಳು ಜನ ಬರೆದ ಪೇಪರಿನಲ್ಲಿ ನಾಲ್ಕನೆಯವರು ಒಂದು ಕಡೆ ಮನುಷ್ಯರು, ಇನ್ನೊಂದು ಕಡೆ ಇತ್ಯಾದಿ. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟು 'ಬಂಧುಮಿತ್ರರು' ಅಂತ ಹಾಕಿ ನೋಡಿ, ಆ ಸಂಕಟ ಗೊತ್ತಾಗುತ್ತೆ.

ನಾನು: ಚಿಹ್ನೆಗಳ ವಿಷಯದಲ್ಲೂ ಭಾರಿ ಮಡಿಯಂತೆ?

17: ವರ್ಷ, ಸೆಮಿಕೋಲನ್, ಸಂಪುಟ, ಕೋಲನ್, ಪುಟ. ನಡುವೆ ಉಸಿರಾಡೋಕೂ ಜಾಗ ಬಿಡಬಾರದು, ಬೆಳಗಿನ ಸಿಟಿ ಬಸ್ಸಿನ ಹಾಗೆ. 284ನೇ ಪುಟದಿಂದ 287ರ ತನಕ ಇದ್ದರೆ 284-7 ಅನ್ನಬೇಕು. ಪತ್ರಿಕೆಯ ಹೆಸರಿಗೂ ಕತ್ತರಿ. 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಅಂತ ಬಾಯ್ತುಂಬ ಅನ್ನೋ ಹಾಗಿಲ್ಲ. 'ಎನ್ ಇಂಗ್ಲ್ ಜೆ ಮೆಡ್' ಅಂತ ಗಂಟಲು ಕೆರೆದುಕೊಳ್ಳಬೇಕು. 'ಲ್ಯಾನ್ಸೆಟ್' ಮಾತ್ರ ಪೂರ್ತಿ ಉಳಿದಿದೆ. ಒಂಟಿ ಪದಕ್ಕೆ ವಿನಾಯಿತಿ ಅಂತ ನಿಯಮ. ಆದರೂ, ಲ್ಯಾನ್ಸೆಟ್ ಅಂದರೆ ಕುಯ್ಯೋ ಚೂರಿ ತಾನೆ? ಚೂರಿಯನ್ನ ಯಾರು ಕುಯ್ತಾರೆ!

ನಾನು: ಈಗ ಪಟ್ಟಿ ಮಾಡಿಕೊಡೋ ಸಾಫ್ಟ್‌ವೇರುಗಳು, ಜೊಟೆರೊ, ಎಂಡ್‌ನೋಟ್ ಎಲ್ಲ ಇವೆಯಲ್ಲ? ಗುಂಡಿ ಒತ್ತಿದರೆ ಮುಗೀತು.

17: ಗುಂಡಿಗೆ ನಮ್ಮ ಕಡೆ ಹೆಸರು ಅರ್ಥವಾಗಬೇಕಲ್ಲ! 'ಬಸವರಾಜ ಎಸ್. ಕೆ.' ಅಂತ ಒಬ್ಬ ಡಾಕ್ಟರು ಅಂದುಕೊಳ್ಳಿ. ಕೊನೆಗೆ ಇರೋದೇ ಮನೆತನದ ಹೆಸರು ಅಂತ ಯಂತ್ರದ ನಂಬಿಕೆ. ಪಟ್ಟಿಯಲ್ಲಿ ಅವರು 'ಕೆ ಬಿಎಸ್' ಆಗಿ ಬರ್ತಾರೆ. ಊರಿನ ಮೊದಲಕ್ಷರ ವಂಶವಾಯ್ತು, ಅವ್ವ ಇಟ್ಟ ಹೆಸರು 'ಬಿ' ಆಯ್ತು. ಇರಲಿ ಬಿಡಿ, ಅದೇನು ಪ್ರಾಣ ಹೋಗೋ ವಿಷಯ ಅಲ್ಲ.

ನಾನು: ಒಂದು ಮಾತು ಕೇಳಲೆ? ನೀವು ಯಾವ ಪೇಪರಿನ ಪರವಾಗಿ ಇಲ್ಲಿ ಕೂತಿದ್ದೀರೋ, ಅದು ಏನು ಹೇಳುತ್ತೆ?

(ಹದಿನೇಳು ಇಳಿಬಿಟ್ಟ ಕಾಲು ಮೇಲಕ್ಕೆಳೆದುಕೊಂಡಿತು.)

17: ಈ ಪ್ರಶ್ನೆ ಇವತ್ತಿನ ತನಕ ಯಾರೂ ಕೇಳಿರಲಿಲ್ಲ. ಗೈಡ್ ಸರ್ ಕೇಳಿದ್ದು ನನ್ನ ಸೆಮಿಕೋಲನ್ ಎಲ್ಲಿ ಅಂತ. ಈ ಹುಡುಗ ನನ್ನನ್ನ ಮೂಲದಿಂದ ತಂದವನಲ್ಲ, ಇನ್ನೊಬ್ಬರ ಪಟ್ಟಿಯಿಂದ ಎತ್ತಿಕೊಂಡು ಬಂದ. ಪಾಪ, ಅವನೊಬ್ಬನದೇ ತಪ್ಪಲ್ಲ. ಭೌತಶಾಸ್ತ್ರದ ಪೇಪರುಗಳಲ್ಲಿ ಒಬ್ಬರ ಮುದ್ರಣದೋಷ ಇನ್ನೊಬ್ಬರ ಪಟ್ಟಿಗೆ ಹಾಗೇ ದಾಟೋದನ್ನ ಹಿಡಿದು 2003ರಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿದರು: ಉಲ್ಲೇಖಿಸೋರಲ್ಲಿ ಮೂಲ ಓದಿರೋರು ಸುಮಾರು ಐದಕ್ಕೆ ಒಬ್ಬರು. ಪರೀಕ್ಷೆಯಲ್ಲಿ ಪಕ್ಕದವನ ತಪ್ಪನ್ನೂ ಸೇರಿಸಿ ಬರೆದವನು ಸಿಕ್ಕಿಬೀಳೋ ಹಾಗೆ.

ನಾನು: ಅದರಿಂದ ಯಾರಿಗೇನು ನಷ್ಟ?

17: ನಮ್ಮ ಬಳಗದ ಹಿರಿಯರೊಬ್ಬರ ಕಥೆ ಕೇಳಿ. 'ಎನ್ ಇಂಗ್ಲ್ ಜೆ ಮೆಡ್', 1980, ಸಂಪುಟ 302, ಪುಟ 123. ಲೇಖನ ಕೂಡ ಅಲ್ಲ, ಸಂಪಾದಕರಿಗೆ ಬರೆದ ಐದು ವಾಕ್ಯದ ಕಾಗದ. ಆಸ್ಪತ್ರೆಯಲ್ಲಿದ್ದಾಗ ಅಫೀಮು ಜಾತಿಯ ನೋವುನಿವಾರಕ ಕೊಟ್ಟ 11,882 ರೋಗಿಗಳಲ್ಲಿ ಹೊಸದಾಗಿ ಚಟ ಹತ್ತಿದ್ದಕ್ಕೆ ಸರಿಯಾದ ದಾಖಲೆ ಸಿಕ್ಕಿದ್ದು ನಾಲ್ಕೇ ಜನರಲ್ಲಿ, ಅಂತ. ಸುಳ್ಳೇನಲ್ಲ. ಆದರೆ 2017ರಲ್ಲಿ ಕೆನಡಾದ ಸಂಶೋಧಕರು ಕೂತು ಎಣಿಸಿದಾಗ ಆ ಕಾಗದ 608 ಕಡೆ ಉಲ್ಲೇಖವಾಗಿತ್ತು. 439 ಕಡೆ, ಈ ಔಷಧಿಗಳಿಂದ ಚಟ ಹತ್ತೋದು ಅಪರೂಪ ಅನ್ನೋದಕ್ಕೆ ಸಾಕ್ಷಿಯಾಗಿ. 491 ಕಡೆ, ಅವರೆಲ್ಲ ಆಸ್ಪತ್ರೆಯ ಒಳರೋಗಿಗಳು ಅನ್ನೋ ಸುದ್ದಿಯೇ ಇಲ್ಲ! ವಾರ್ಡಿನಲ್ಲಿ ನರ್ಸಮ್ಮ ಎಣಿಸಿ ಕೊಡೋ ಡೋಸು ಬೇರೆ, ತಿಂಗಳುಗಟ್ಟಲೆ ನುಂಗು ಅಂತ ಚೀಟಿ ಬರೆದು ಮನೆಗೆ ಕಳಿಸೋದು ಬೇರೆ. ಅಮೆರಿಕದಲ್ಲಿ ಆಮೇಲೆ ಈ ಚಟ ಮನೆಮನೆ ಹೊಕ್ಕಿದ್ದು ನಿಮಗೆ ಗೊತ್ತೇ ಇದೆ. ಐದು ವಾಕ್ಯ ಸ್ವಾಮಿ. ಕಾಫಿ ಆರೋದರೊಳಗೆ ಓದಿ ಮುಗಿಸಬಹುದಿತ್ತು.

ನಾನು: ಅಂತೆಕಂತೆಗೆ ನಂಬರು ಹಚ್ಚಿದ ಹಾಗಾಯ್ತು.

17: ಅದಕ್ಕಾದರೂ ಒಂದು ಮೂಲ ಇತ್ತು. ಮೂಲವೇ ಇಲ್ಲದವರೂ ನಮ್ಮಲ್ಲಿದ್ದಾರೆ. ವೈಜ್ಞಾನಿಕ ಲೇಖನ ಬರೆಯೋ ಕಲೆಯ ಬಗ್ಗೆ ಒಂದು ಪೇಪರು: 2000ನೇ ಇಸವಿ, ಸಂಪುಟ 163, ಪುಟ 51-9. ಎಲ್ಸೆವಿಯರ್ ಪ್ರಕಾಶನದವರು ಲೇಖಕರ ಮಾರ್ಗದರ್ಶಿಯಲ್ಲಿ 'ಹೀಗೆ ಬರೀರಿ' ಅಂತ ತೋರಿಸೋಕೆ ಕಟ್ಟಿದ ಮಾದರಿ ಅದು. ಅಂಥ ಪೇಪರು ಯಾರೂ ಬರೆದಿಲ್ಲ. ನೂರಾರು ಲೇಖನಗಳ ಪಟ್ಟಿಯಲ್ಲಿ ಮಾತ್ರ ಅದು ಠೀವಿಯಿಂದ ಕೂತಿದೆ. ಅರ್ಜಿಯಲ್ಲಿ 'ನಿಮ್ಮ ಹೆಸರು' ಅಂತ ಅಚ್ಚಾಗಿದ್ದರೆ ಹೆಸರಿನ ಜಾಗದಲ್ಲಿ 'ನಿಮ್ಮ ಹೆಸರು' ಅಂತಲೇ ತುಂಬಿದ ಹಾಗೆ.

ನಾನು: ಈಗ ಎಐ ಬೇರೆ ಬಂದಿದೆ.

17: ಅದರ ಮಾತೆತ್ತಬೇಡಿ. ಹುಟ್ಟದ ಕೂಸಿಗೆ ಡಿಓಐ ಅನ್ನೋ ಗುರುತಿನ ಸಂಖ್ಯೆ ಸಮೇತ ಜಾತಕ ಬರೆದುಕೊಡುತ್ತೆ. ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ, ಅದರ ಸೆಮಿಕೋಲನ್ನು ನಮ್ಮಲ್ಲಿ ಯಾರಿಗೂ ಅಷ್ಟು ಲಕ್ಷಣವಾಗಿ ಕೂರಲ್ಲ.

ನಾನು: ನನ್ನ ಪ್ರಶ್ನೆಗೆ ಉತ್ತರ ಉಳೀತು. ನಿಮ್ಮ ಪೇಪರು ಹೇಳೋದೇನು?

17: ಹೇಳ್ತೀನಿ. ಈ ವಾಕ್ಯದಲ್ಲಿ 'ಸಾಬೀತಾಗಿದೆ' ಅಂತಿದೆಯಲ್ಲ, ನಾವು ಅಂದದ್ದು ಹಾಗಲ್ಲ. ನಲವತ್ತು ಜನ ರೋಗಿಗಳು, ಅದರಲ್ಲೂ...

ಅಷ್ಟರಲ್ಲಿ ಹುಡುಗ ಎದ್ದ. ಕೆನ್ನೆಯ ಮೇಲೆ ಕೀಬೋರ್ಡಿನ ಅಚ್ಚು. 'ಜೆ'ಗಳನ್ನೆಲ್ಲ ಅಳಿಸಿದ. ಕಣ್ಣುಜ್ಜಿಕೊಂಡು ಚರ್ಚೆಯ ಎರಡನೇ ಪ್ಯಾರಾಕ್ಕೆ ಬಂದ, ಹದಿನೇಳನ್ನೇ ದಿಟ್ಟಿಸಿದ. ಪತ್ರಿಕೆಯ ಸೂಚನೆಗಳ ಪಿಡಿಎಫ್ ತೆಗೆದು ಬೆರಳಿಟ್ಟು ಒಂದು ಸಾಲು ಓದಿದ. ನನ್ನ ಎದೆ ಢವಢವ ಎಂದಿತು. ಹುಡುಗ ಹದಿನೇಳನ್ನು ಎತ್ತಿ, ಫುಲ್‌ಸ್ಟಾಪಿನ ಎಡದಿಂದ ಬಲಕ್ಕೆ ಕೂರಿಸಿದ. ಸೇವ್ ಮಾಡಿದ. ಮತ್ತೆ ಮಲಗಿದ.

ಹದಿನೇಳು ಸುತ್ತ ಒಮ್ಮೆ ನೋಡಿ, ಕಾಲು ಇಳಿಬಿಟ್ಟಿತು.

"ಈ ಕಡೆ ಗಾಳಿ ಚೆನ್ನಾಗಿದೆ" ಎಂದಿತು.