ಗುಲಾಬಿ ಎಂಜಿನ್ನಿನ ವಕಾಲತ್ತು

ಮಾದರಿ ರೈಲುಗಳ ಹುಚ್ಚು ಹಿಡಿದವರಲ್ಲಿ ಎರಡು ಪಂಗಡ. ಮೊದಲನೆಯದು ರಿವೆಟ್ ಎಣಿಸುವವರದು. ಅಮೆರಿಕದಲ್ಲಿ ಅವರನ್ನು ‘ರಿವೆಟ್ ಕೌಂಟರ್’ ಎಂದೇ ಕರೆಯುತ್ತಾರೆ. ಪೆನ್ಸಿಲ್ವೇನಿಯಾ ರೈಲ್ವೆಯ ಇಂಥ ನಂಬರಿನ ಎಂಜಿನ್ನಿನ ಎಡಮಗ್ಗುಲಿನ ತಗಡಿಗೆ ಎಷ್ಟು ರಿವೆಟ್ ಹೊಡೆದಿದ್ದರು, ಅದರ ಹಸಿರಿನಲ್ಲಿ ಕಪ್ಪಿನ ಪಾಲು ಎಷ್ಟಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮದುವೆಯಾದ ತಾರೀಖು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ. ಎರಡನೆಯದು ನನ್ನ ಪಂಗಡ. ಯಾವ ಹಳಿಯ ಮೇಲೂ ಓಡದ, ಯಾವ ರೈಲ್ವೆ ಕಂಪನಿಯೂ ಕನಸಿನಲ್ಲೂ ಬಳಿಯದ ಬಣ್ಣದ ಎಂಜಿನ್ನುಗಳನ್ನೇ ಹುಡುಕಿಕೊಂಡು ಹೋಗಿ ಕೊಳ್ಳುವವರು ನಾವು. ಇಂಥ ಎಂಜಿನ್ನಿಗೆ ಮೊದಲ ಪಂಗಡದವರು ಇಟ್ಟ ಹೆಸರು ‘ಫೂಬಿ’. ಆ ಮಾತಾಡುವಾಗ ಅವರ ಮುಖ ನೋಡಬೇಕು, ಮಡಿಯುಟ್ಟವರಿಗೆ ಮೈಲಿಗೆ ಬಟ್ಟೆ ತಗುಲಿದ ಹಾಗಿರುತ್ತದೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಮನೆಗಳಿಗೆ ಬೇಸ್‌ಮೆಂಟ್ ಇರುತ್ತದೆ. ಮನೆಯಾಕೆಗೆ ಮೇಲೆ ಬೇಡವಾದದ್ದನ್ನೆಲ್ಲ ಅಲ್ಲಿಗೆ ಸಾಗಿಸುವುದು ವಾಡಿಕೆ. ಅದರಂತೆ ನಾನೂ ನನ್ನ ಎಂಜಿನ್ನುಗಳೂ ಅಲ್ಲಿದ್ದೇವೆ. ಹೆಚ್ಚಿನವು ಎಚ್‌ಒ ಅಳತೆಯವು, ಅಂದರೆ ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಪಾಲು. ಕೆಲವು ಅದಕ್ಕಿಂತ ದೊಡ್ಡವು, ಓ ಅಳತೆಯವು, 48ರಲ್ಲಿ ಒಂದು ಪಾಲು. ಮೇಲಿನ ಹಲಗೆಯಲ್ಲಿ ನೇರಳೆ ಬಣ್ಣದ ಉಗಿ ಎಂಜಿನ್ ಇದೆ, ಚಕ್ರಗಳಿಗೆಲ್ಲ ಚಿನ್ನದ ಬಣ್ಣ. ಅದರ ಪಕ್ಕದಲ್ಲಿ, ಸಾಂತಾ ಫೆ ರೈಲ್ವೆಯ ಡೀಸೆಲ್ ಎಂಜಿನ್ನಿಗೆಂದು 1937ರಲ್ಲಿ ರೂಪಿಸಿದ ಕೆಂಪು-ಬೆಳ್ಳಿ ವಿನ್ಯಾಸವನ್ನು ಹೊದ್ದ ಒಂದು ಕುಳ್ಳ ಉಗಿ ಎಂಜಿನ್. ಅಪ್ಪನ ಕೋಟು ತೊಟ್ಟ ಮಗನನ್ನು ಬೈಯಲಾಗುತ್ತದೆಯೇ?

ನವರಾತ್ರಿ ಬಂದಾಗ ಇವುಗಳಿಗೆ ಮೇಲಿನ ಮಹಡಿಗೆ ಬಡ್ತಿ. ನನ್ನಾಕೆ ಗೊಂಬೆ ಕೂರಿಸುತ್ತಾಳೆ. ಪಟ್ಟದ ಗೊಂಬೆಗಳ ಕೆಳಗೆ, ಶೆಟ್ಟಿ-ಶೆಟ್ಟಿಗಿತ್ತಿಯರ ದಿನಸಿ ಅಂಗಡಿಯ ಮುಂದೆ, ರಾಗಿ ಪೈರಿನ ಪಾರ್ಕಿನ ಸುತ್ತ ಹಳಿ ಹಾಸಿ ನೇರಳೆ ಎಂಜಿನ್ ಓಡಿಸುತ್ತೇವೆ. ಅರಿಶಿನ-ಕುಂಕುಮಕ್ಕೆ ಬಂದವರಲ್ಲಿ ‘ಇದು ಯಾವ ರೈಲ್ವೆಯದು?’ ಎಂದು ಕೇಳಿದವರಿಲ್ಲ. ಮೊದಲ ಪಂಗಡದ ಗೆಳೆಯನೊಬ್ಬ ಮಾತ್ರ ಕೋಸಂಬರಿ ತಿನ್ನುತ್ತ ಬಗ್ಗಿ ನೋಡಿ, “ಈ ಬಾಯ್ಲರಿಗೂ ಈ ಟೆಂಡರಿಗೂ ಸಂಬಂಧವೇ ಇಲ್ವಲ್ಲೋ” ಅಂದ. ಪಕ್ಕದಲ್ಲೇ ಹತ್ತು ತಲೆಯ ರಾವಣ ನಿಂತಿದ್ದ. ಅವನ ಅಂಗರಚನೆಯ ಬಗ್ಗೆ ಗೆಳೆಯನಿಗೆ ಯಾವ ತಕರಾರೂ ಇರಲಿಲ್ಲ.

ನಮ್ಮ ಪಂಗಡಕ್ಕೂ ಒಂದು ಸ್ಥಳಪುರಾಣವಿದೆ, ಅದರ ಸ್ಥಳ ಇದೇ ನ್ಯೂಜೆರ್ಸಿ. ಜೋಶುವಾ ಲಯೊನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಲಯೊನೆಲ್ ಕಂಪನಿಯ ಕಾರ್ಖಾನೆ ಇಲ್ಲಿನ ಇರ್ವಿಂಗ್ಟನ್ನಿನಲ್ಲಿತ್ತು. ಅಮೆರಿಕದ ಗಂಡುಹುಡುಗರಿಗೆ ಲಯೊನೆಲ್ ರೈಲೆಂದರೆ ಪ್ರಾಣ. 1950ರ ದಶಕದ ನಡುವಿಗೆ ಬರುವಷ್ಟರಲ್ಲಿ ವ್ಯಾಪಾರ ಇಳಿಯತೊಡಗಿತು. ಮನೆಮನೆಗೆ ಟಿವಿ ಬಂದಿತ್ತು, ನಿಜವಾದ ರೈಲುಗಳನ್ನೇ ಜನ ಬಿಟ್ಟು ಕಾರು, ವಿಮಾನ ಹತ್ತುತ್ತಿದ್ದರು. ಆಗ ಕಂಪನಿಯ ಯಾವನೋ ಪುಣ್ಯಾತ್ಮನಿಗೆ ಹೊಳೆಯಿತು: ಮಕ್ಕಳಲ್ಲಿ ಅರ್ಧ ಹೆಣ್ಣುಮಕ್ಕಳಲ್ಲವೇ, ಅವರಿಗೆ ನಾವು ಏನನ್ನೂ ಮಾರುತ್ತಿಲ್ಲವಲ್ಲ! ಹಾಗೆ 1957ರಲ್ಲಿ ಹುಟ್ಟಿದ್ದು ‘ಗರ್ಲ್ಸ್ ಟ್ರೇನ್’.

ಎಂಜಿನ್ ಗುಲಾಬಿ, ಅದರ ಟೆಂಡರ್ ಗುಲಾಬಿ. ಹಿಂದೆ ಬರುವ ಗೂಡ್ಸ್ ಡಬ್ಬಿಗಳಲ್ಲಿ ಒಂದು ಬೆಣ್ಣೆಹಳದಿ, ಒಂದು ತಿಳಿನೀಲಿ, ಕಲ್ಲಿದ್ದಲು ತುಂಬುವ ಹಾಪರ್ ತಿಳಿನೇರಳೆ, ತೆರೆದ ಗೊಂಡೋಲ ಮತ್ತೆ ಗುಲಾಬಿ, ಕೊನೆಯ ಗಾರ್ಡ್ ಡಬ್ಬಿ ಆಕಾಶನೀಲಿ. ಕಲ್ಲಿದ್ದಲಿಗೆ ತಿಳಿನೇರಳೆ ಡಬ್ಬಿ! ಬಣ್ಣ ಬದಲಿಸಿದ್ದು ಬಿಟ್ಟರೆ ಹುಡುಗಿಯರಿಗಾಗಿ ಬೇರೇನೂ ಮಾಡಿರಲಿಲ್ಲ. ಗುಲಾಬಿ ಬಳಿದ ಆ ಎಂಜಿನ್ ಹುಡುಗರಿಗೆ ಕಪ್ಪು ಬಳಿದು ಮಾರುತ್ತಿದ್ದ 2037 ನಂಬರಿನದೇ.

ಹುಡುಗಿಯರು ಒಪ್ಪಲಿಲ್ಲ. ರೈಲು ಬೇಕು ಅನ್ನುತ್ತಿದ್ದ ಹುಡುಗಿಗೆ ಬೇಕಾಗಿದ್ದದ್ದು ಅಣ್ಣನ ಬಳಿ ಇದ್ದಂಥ, ಹೊಗೆ ಬಿಡುವ ಕಪ್ಪು ಎಂಜಿನ್ನೇ. ಗುಲಾಬಿ ರೈಲುಗಳು ಅಂಗಡಿಗಳಲ್ಲಿ ಧೂಳು ತಿಂದವು. ಕೊಳ್ಳುವವರಿಲ್ಲದೆ ಬೇಸತ್ತ ಅಂಗಡಿಯವರು ಅವಕ್ಕೆ ಕಪ್ಪು ಬಣ್ಣ ಹೊಡೆದು ಮಾರಿದರೆಂಬ ಕತೆಯೂ ಇದೆ. ಇಂದು ಡಬ್ಬದ ಸಮೇತ ಸುಸ್ಥಿತಿಯಲ್ಲಿರುವ ಅದೇ ಸೆಟ್ಟಿಗೆ ಸಾವಿರಾರು ಡಾಲರ್. ಕೊಳ್ಳುವವರು ಬಹುಮಟ್ಟಿಗೆ, ಆಗ ಹುಡುಗರಾಗಿದ್ದು ಈಗ ತಾತಂದಿರಾದವರು.

ಇನ್ನೊಂದು ಉಪಕತೆ ಹೇಳದೆ ಮುಂದೆ ಹೋಗಲಾರೆ. 1959ರಲ್ಲಿ ಕೋವೆನ್ ತನ್ನ ಪಾಲನ್ನು ಮಾರಿ ಕೈತೊಳೆದುಕೊಂಡ. ಕಂಪನಿ ಹೋಗಿ ಸೇರಿದ್ದು ರಾಯ್ ಕೋನ್ ಎಂಬ ವಕೀಲನ ಗುಂಪಿನ ಕೈಗೆ. ಸೆನೆಟರ್ ಮೆಕಾರ್ಥಿಯ ಬಲಗೈಯಾಗಿ, ಸರ್ಕಾರದ ಮೂಲೆಮೂಲೆಯಲ್ಲಿ ಕೆಂಪು ಬಣ್ಣದ ಕಮ್ಯುನಿಸ್ಟರನ್ನೂ ಗುಲಾಬಿ ಬಣ್ಣದ ಅವರ ಹಿತೈಷಿಗಳನ್ನೂ ಹುಡುಕುತ್ತಿದ್ದ ಅದೇ ರಾಯ್ ಕೋನ್. ಗುಲಾಬಿ ರೈಲು ಮಾಡಿದ ಕಂಪನಿಗೆ ಅವನೇ ಯಜಮಾನ! ಇದನ್ನು ಯಾವ ಕಾದಂಬರಿಕಾರ ಬರೆದಿದ್ದರೂ ಸಂಪಾದಕರು ಹೊಡೆದುಹಾಕುತ್ತಿದ್ದರು.

ಪೆನ್ಸಿಲ್ವೇನಿಯಾದ ಯಾರ್ಕ್ ಎಂಬ ಊರಿನಲ್ಲಿ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಆಟಿಕೆ ರೈಲುಗಳ ಸಂತೆ ನೆರೆಯುತ್ತದೆ. ಸಾಲುಸಾಲು ಮೇಜುಗಳು, ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡ ಹಿರಿಯರು. ಗುಲಾಬಿ ಎಂಜಿನ್ ಮೇಜಿನ ಮೇಲೆ ಬಂದರೆ ಅದರ ಪರೀಕ್ಷೆ ನಡೆಯುವುದನ್ನು ನೋಡಬೇಕು. ಕೊಳ್ಳುವವನು ಮೊದಲು ಎಂಜಿನ್ನನ್ನು ಬೋರಲು ಹಾಕುತ್ತಾನೆ. ಅನುಮತಿ ಕೇಳಿ ತಿರುಪು ಬಿಚ್ಚಿ ಮೇಲಿನ ಕವಚ ಎತ್ತುತ್ತಾನೆ. ಆಮೇಲೆ ಪುಟ್ಟ ಟಾರ್ಚು ಹಿಡಿದು ಒಳಮೂಲೆಗಳನ್ನೂ ತಿರುಪಿನ ತೂತುಗಳ ಅಂಚನ್ನೂ ಇಣುಕುತ್ತಾನೆ. ಗುಲಾಬಿಯ ಅಡಿಯಲ್ಲಿ ಎಲ್ಲಾದರೂ ಕಪ್ಪು ಕಂಡರೆ ಮುಗಿಯಿತು, ಅದು ಮಾಮೂಲಿ 2037ಕ್ಕೆ ಈಚೆಗೆ ಯಾರೋ ಗುಲಾಬಿ ಹೊಡೆದದ್ದು. ಎಂದೂ ಇಲ್ಲದ ರೈಲಿನ ಆಟಿಕೆಯಲ್ಲೂ ಅಸಲಿ-ನಕಲಿ ಉಂಟು ನೋಡಿ. ಹುಡುಕುತ್ತ ಹೋದರೆ ನಮ್ಮ ಪಂಗಡದಲ್ಲೂ ರಿವೆಟ್ ಎಣಿಸುವವರೇ ಸಿಗುತ್ತಾರೆ.

ನನ್ನ ತಕರಾರು ಇಷ್ಟೇ: ನಿಜವಾದ ರೈಲಿನ ಬಣ್ಣವೂ ಯಾರದೋ ತಲೆಯ ಲಹರಿಯೇ ತಾನೇ? ಲಂಡನ್ನಿನಿಂದ ಬ್ರೈಟನ್ನಿಗೆ ಓಡುತ್ತಿದ್ದ ರೈಲ್ವೆಗೆ 1870ರಲ್ಲಿ ವಿಲಿಯಂ ಸ್ಟ್ರೌಡ್ಲಿ ಎಂಬಾತ ಎಂಜಿನ್ನುಗಳ ಮೇಲ್ವಿಚಾರಕನಾಗಿ ಬಂದ. ತನ್ನ ಪ್ಯಾಸೆಂಜರ್ ಎಂಜಿನ್ನುಗಳಿಗೆ ‘ಸುಧಾರಿತ ಹಸಿರು’ ಎಂಬ ಬಣ್ಣ ಹೊಡೆಸಿದ. ಆ ಬಣ್ಣ ಇದ್ದದ್ದು ಅಚ್ಚ ಹಳದಿ, ಚೆನ್ನಾಗಿ ಮಾಗಿದ ಮಾವಿನಹಣ್ಣಿನದು. ಇಂಗ್ಲೆಂಡಿನ ಯಾರ್ಕ್ ಮ್ಯೂಸಿಯಮ್ಮಿನಲ್ಲಿರುವ ‘ಗ್ಲಾಡ್‌ಸ್ಟೋನ್’ ಎಂಜಿನ್ ಇಂದಿಗೂ ಅದೇ ಹಳದಿಯಲ್ಲಿ ನಿಂತಿದೆ. ಆಟಿಕೆ ಕಂಪನಿ ಹಾಗೆ ಬಳಿದಿದ್ದರೆ ಫೂಬಿ, ಸ್ಟ್ರೌಡ್ಲಿ ಬಳಿದದ್ದಕ್ಕೆ ಚರಿತ್ರೆ. ಹ್ಯಾರಿ ಪಾಟರ್ ಸಿನಿಮಾದ ಕೆಂಪು ಎಂಜಿನ್ ತೆಗೆದುಕೊಳ್ಳಿ. ಅದು 1937ರಲ್ಲಿ ಸ್ವಿಂಡನ್ನಿನಲ್ಲಿ ತಯಾರಾದ ‘ಓಲ್ಟನ್ ಹಾಲ್’. ಗ್ರೇಟ್ ವೆಸ್ಟರ್ನ್ ರೈಲ್ವೆಯವರ ಹಸಿರಿಗೆ ಹುಟ್ಟಿದ ಎಂಜಿನ್ನಿಗೆ ಸಿನಿಮಾದವರು ಕೆಂಪು ಬಳಿದರು. ಈಗ ಅದರ ಕೆಂಪು ಮಾದರಿಗೇ ಅಂಗಡಿಯಲ್ಲಿ ಗಿರಾಕಿ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಕೆಂಪು-ಹಳದಿಯ ಒಂದು ಡೀಸೆಲ್ ಎಂಜಿನ್. 1980ರ ದಶಕದಲ್ಲಿ ಸದರ್ನ್ ಪೆಸಿಫಿಕ್, ಸಾಂತಾ ಫೆ ಎಂಬ ಎರಡು ದೊಡ್ಡ ರೈಲ್ವೆಗಳು ಒಂದಾಗಲು ಹೊರಟವು. ಸರ್ಕಾರದ ಒಪ್ಪಿಗೆ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲೇ ಎಂಜಿನ್ನುಗಳಿಗೆ ಹೊಸ ಬಣ್ಣ ಹೊಡೆದದ್ದೂ ಆಯಿತು. ಮಗ್ಗುಲಿನಲ್ಲಿ ಒಬ್ಬರು ‘ಎಸ್‌ಪಿ’ ಎಂದೂ ಇನ್ನೊಬ್ಬರು ‘ಎಸ್‌ಎಫ್’ ಎಂದೂ ಬರೆದು, ಉಳಿದ ಎರಡು ಅಕ್ಷರಕ್ಕೆ ಜಾಗ ಖಾಲಿ ಬಿಟ್ಟರು. ಲಗ್ನಪತ್ರಿಕೆ ಅಚ್ಚಾಗಿತ್ತು, ವಧೂವರರ ಜಾತಕ ಮಾತ್ರ ಕೂಡಲಿಲ್ಲ. 1986ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಒಲ್ಲೆನೆಂದಿತು. ‘ಎಸ್‌ಪಿಎಸ್‌ಎಫ್’ ಎಂದರೆ ‘ಶುಡಂಟ್ ಪೇಂಟ್ ಸೋ ಫಾಸ್ಟ್’, ಬಣ್ಣ ಬಳಿಯಲು ಅಷ್ಟು ಅವಸರ ಬೇಡವಿತ್ತು ಎಂದು ರೈಲುಪ್ರಿಯರು ಇಂದಿಗೂ ನಗುತ್ತಾರೆ. ನನ್ನ ಮಾದರಿಯಲ್ಲಿ ನಾಲ್ಕೂ ಅಕ್ಷರಗಳಿವೆ. ಆಯೋಗ ತಪ್ಪಿಸಿದ ಮದುವೆಯನ್ನು ನಾನು ನನ್ನ ಬೇಸ್‌ಮೆಂಟಿನಲ್ಲಿ ಮಾಡಿಸಿದ್ದೇನೆ.

ಹಾಗೆಂದು ಕಲ್ಪನೆಯ ಬಣ್ಣವೆಲ್ಲ ನನಗೆ ಸಮ್ಮತವಲ್ಲ. ತಂಪುಪಾನೀಯದ ಎಂಜಿನ್, ಫುಟ್‌ಬಾಲ್ ತಂಡದ ಎಂಜಿನ್, ಹ್ಯಾಲೋವೀನಿಗೆ ಕುಂಬಳಕಾಯಿ ಬಣ್ಣದ ಎಂಜಿನ್, ಇವುಗಳಲ್ಲಿ ಕಲ್ಪನೆಗಿಂತ ಗಲ್ಲಾಪೆಟ್ಟಿಗೆಯ ಸದ್ದೇ ಹೆಚ್ಚು. ಒಳ್ಳೆಯ ಸುಳ್ಳಿಗೆ ಒಂದು ಶಿಸ್ತಿರಬೇಕು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬ ಛಾಯಾಗ್ರಾಹಕನಿದ್ದ. ತನ್ನ ಮನೆಯಲ್ಲಿ ‘ಗೋರಿ ಅಂಡ್ ಡಿಫೀಟೆಡ್’ ಎಂಬ ಕಾಲ್ಪನಿಕ ರೈಲ್ವೆಯನ್ನೇ ಕಟ್ಟಿದ್ದ. ಆಳವಾದ ಕಣಿವೆಗಳು, ನೆಲದಿಂದ ಮೇಲೇಳುವ ಬೆಟ್ಟಗಳು, ಮಸಿ ಮೆತ್ತಿದ ಎಂಜಿನ್ನುಗಳು, ಎಲ್ಲವೂ ಕಣ್ಣು ನಂಬುವಷ್ಟು ನಿಜ. ಆ ಯಾರ್ಡಿನಲ್ಲಿ ಡಬ್ಬಿಗಳನ್ನು ಎಳೆದಾಡಲು ಎಂಜಿನ್ನಿನ ಬದಲು ಅವನು ನಿಲ್ಲಿಸಿದ್ದದ್ದು ‘ಎಮ್ಮಾ’ ಎಂಬ ಡೈನೋಸಾರನ್ನು! ಬೆನ್ನ ಮೇಲೆ ಹಲಗೆಗಳಿದ್ದ ಸ್ಟೆಗೋಸಾರಸ್. ಉಳಿದದ್ದೆಲ್ಲ ಅಷ್ಟು ನಿಖರವಾಗಿದ್ದುದರಿಂದಲೇ ಎಮ್ಮಾಳನ್ನೂ ಜನ ಒಪ್ಪಿಕೊಂಡರು. 1973ರ ಜನವರಿಯಲ್ಲಿ ಅಲೆನ್ ತೀರಿಕೊಂಡ, ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಅವನ ರೈಲ್ವೆಯೂ ಹೋಯಿತು. ಅವನ ಫೋಟೋಗಳನ್ನು ರಿವೆಟ್ ಎಣಿಸುವವರೂ ಭಕ್ತಿಯಿಂದ ನೋಡುತ್ತಾರೆ.

ಕಲ್ಪನೆಯ ರೈಲ್ವೆಗೆ ಇನ್ನೊಂದು ಲಾಭವೂ ಉಂಟು. 2004ರಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆ ತನ್ನ ಲಾಂಛನ, ಬಣ್ಣಗಳನ್ನು ಪರವಾನಗಿಯಿಲ್ಲದೆ ಬಳಸಿದರೆಂದು ಮಾದರಿ ತಯಾರಿಸುವ ಅಥರ್ನ್, ಲಯೊನೆಲ್ ಕಂಪನಿಗಳ ಮೇಲೆ ದಾವೆ ಹೂಡಿತ್ತು. ಇಲ್ಲದ ರೈಲ್ವೆಗೆ ವಕೀಲರಿರುವುದಿಲ್ಲ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಬಣ್ಣದ ಬರವೇನಿಲ್ಲ. ನಾನು ಹುಡುಗನಾಗಿದ್ದಾಗ ಅರಸೀಕೆರೆ ಜಂಕ್ಷನ್ನಿನಲ್ಲಿ ಕಂಡ ಉಗಿ ಎಂಜಿನ್ನುಗಳೆಲ್ಲ ಕಪ್ಪು. ಡೀಸೆಲ್ ಬಂದ ಮೇಲೆ ಒಂದೊಂದು ಶೆಡ್ಡಿನವರು ಒಂದೊಂದು ಬಣ್ಣ ಹೊಡೆದರು. ಬರುತ್ತಿರುವ ಎಂಜಿನ್ನಿನ ಬಣ್ಣ ನೋಡಿಯೇ ಇದು ಕೃಷ್ಣರಾಜಪುರದ್ದೋ ಗುತ್ತಿಯದ್ದೋ ಈರೋಡಿನದ್ದೋ ಎಂದು ಹೇಳುವ ಹುಡುಗರಿದ್ದರು. ಈಗ ವಿದ್ಯುತ್ ಎಂಜಿನ್ನುಗಳು ಜಾಹೀರಾತು ಸುತ್ತಿಕೊಂಡು ಓಡಾಡುವುದನ್ನು ನೀವೂ ನೋಡಿರುತ್ತೀರಿ. ಇಂಗ್ಲಿಷರ ‘ಥಾಮಸ್’ ಎಂಬ ಮಕ್ಕಳ ಸರಣಿಯವರು 2016ರ ಸಿನಿಮಾಕ್ಕೆ ಭಾರತದಿಂದ ‘ಆಶಿಮಾ’ ಎಂಬ ಎಂಜಿನ್ನನ್ನು ಕರೆಸಿಕೊಂಡರು. ಅದು ನೀಲಗಿರಿಯ ಹಲ್ಲುಹಳಿ ಏರುವ ಎಕ್ಸ್ ವರ್ಗದ ಎಂಜಿನ್ನಿನ ರೂಪ, ಗುಲಾಬಿ ಮೈತುಂಬ ಚಿತ್ತಾರ. ಲಾರಿಗಳ ಹಿಂದೆ ಕಮಲ, ನವಿಲು ಬರೆಯುವ ನಮ್ಮ ಪೇಂಟರುಗಳ ಕೈಗೆ ಒಂದು ಎಂಜಿನ್ ಕೊಟ್ಟಿದ್ದರೆ ಅದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದರೆಂಬುದು ನನ್ನ ಅಭಿಪ್ರಾಯ.

ನಾನೀಗ ಕೈಹಾಕಿರುವ ಕೆಲಸಕ್ಕೂ ಇದಕ್ಕೂ ನಂಟಿದೆ. ಮೈಸೂರು ಸ್ಟೇಟ್ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಮೀಟರ್‌ಗೇಜಿನ ವೈಡಿಎಂ-4 ಡೀಸೆಲ್ಲುಗಳು ಬಂದದ್ದು ಆಮೇಲೆ, 1960ರ ದಶಕದಲ್ಲಿ. ಅವುಗಳ ವಿನ್ಯಾಸ ನಾನಿರುವ ಕಡೆಯಿಂದ ಕೆಲವೇ ಗಂಟೆಗಳ ದಾರಿಯ ಶೆನೆಕ್ಟಡಿಯ ಆಲ್ಕೋ ಕಂಪನಿಯದು. ಅಂದಮೇಲೆ ಮೈಸೂರು ಸ್ಟೇಟ್ ರೈಲ್ವೆಯ ಹೆಸರು ಹೊತ್ತ ಡೀಸೆಲ್ ಎಂಜಿನ್ ಎಂಬುದು ಇರಲು ಸಾಧ್ಯವೇ ಇಲ್ಲ. ಆದ್ದರಿಂದ ಅದು ನನಗೆ ಬೇಕು.

ಹಳೆಯ ಆಲ್ಕೋ ಮಾದರಿಯೊಂದನ್ನು ಸಂತೆಯಲ್ಲಿ ಅಗ್ಗಕ್ಕೆ ತಂದೆ. ಹೊರಕವಚವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬಣ್ಣ ಸಿಪ್ಪೆಸಿಪ್ಪೆಯಾಗಿ ಎದ್ದುಬರುತ್ತದೆ. “ರೀ, ಅದು ಯಾರ ಬ್ರಷ್ಷು?” ಎಂಬ ಪ್ರಶ್ನೆ ಮಹಡಿಯಿಂದ ಕೇಳಿಬಂತು, ಉತ್ತರ ಕೊಡಲಿಲ್ಲ. ಕೆಂಪು-ಹಳದಿ ಬಳಿಯೋಣವೆಂದರೆ ಅದು ಎಸ್‌ಪಿಎಸ್‌ಎಫ್ ಮದುವೆ ಮುರಿದ ಬಣ್ಣ, ಅಪಶಕುನ. ಕೊನೆಗೆ ಬಗೆಹರಿಸಿದವಳು ನನ್ನಾಕೆ. ಬೀರುವಿನಿಂದ ತನ್ನ ಮದುವೆಯ ಮೈಸೂರು ರೇಷ್ಮೆ ಸೀರೆ ತಂದು ಎಂಜಿನ್ನಿನ ಪಕ್ಕ ಹಾಸಿದಳು. ಕಡುಹಸಿರು ಒಡಲು, ಚಿನ್ನದ ಜರಿಯಂಚು. “ಅಂಚು ಕೆಳಗೆ ಬರಲಿ, ಸೀರೆಗೆ ಬಂದ ಹಾಗೆ” ಅಂದಳು. ಜರಿಗೆಂದು ಮೊದಲು ಚಿನ್ನದ ಬಣ್ಣ ಹೊಡೆದು, ಅದರ ಮೇಲೆ ಕೂದಲೆಳೆಯಷ್ಟು ಸಣ್ಣಗೆ ಸೀಳಿದ ಮಾಸ್ಕಿಂಗ್ ಟೇಪು ಅಂಟಿಸಿ, ಹಸಿರು ಹೊಡೆದು ಟೇಪು ಕಿತ್ತೆ. ಅಂಚು ಎಂಜಿನ್ನಿನ ಉದ್ದಕ್ಕೂ ಸೊಗಸಾಗಿ ಬಂದಿದೆ.

ಬಾಕಿಯಿರುವುದು ಮೂತಿಯ ಮೇಲಿನ ಗಂಡಭೇರುಂಡ. ಜಾಗ ಹೆಬ್ಬೆರಳಿನ ಉಗುರಿನಷ್ಟು. ಎರಡು ತಲೆ, ಎರಡು ಕೊಕ್ಕು, ಬಿಚ್ಚಿದ ರೆಕ್ಕೆ ಅಷ್ಟರಲ್ಲೇ ಬರಬೇಕು, ನೀರಿನಲ್ಲಿ ನೆನೆಸಿ ಅಂಟಿಸುವ ಡೀಕಾಲಿನ ಮೇಲೆ ಅಚ್ಚಾಗಬೇಕು. ನನ್ನ ಕೈಯಲ್ಲಿ ಅದು ಎರಡು ಕಾಗೆ ಜಗಳವಾಡಿದಂತೆ ಬರುತ್ತಿದೆ. ಓದುಗರಲ್ಲಿ ಸಾಂಪ್ರದಾಯಿಕ ಮೈಸೂರು ಶೈಲಿಯಲ್ಲಿ ಸೂಕ್ಷ್ಮ ರೇಖೆ ಎಳೆಯಬಲ್ಲ ಕಲಾವಿದರಿದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಸಂಭಾವನೆ ಕೊಡುತ್ತೇನೆ. ರೆಕ್ಕೆಗೆ ಎಷ್ಟು ಗರಿ ಎಂದು ಮಾತ್ರ ಕೇಳಬೇಡಿ, ನಿಮ್ಮ ಮನಸ್ಸಿಗೆ ಬಂದಷ್ಟು ಬರೆಯಿರಿ.