ಕೂರುವುದು ಹೆಬ್ಬೆರಳಲ್ಲ

ಸೈಕಲ್ ಸೀಟು ಕೊಳ್ಳಲು ಬಂದವರು ಮೊದಲು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ನಮ್ಮ ಎಚ್.ಬಿ. ಹಳ್ಳಿಯಲ್ಲೂ ಅಷ್ಟೇ. ಬೆರಳು ಒಳಗೆ ಹೋದರೆ "ಮೆತ್ತಗೈತಿ, ಕೊಡ್ರಿ" ಎಂದು ತೀರ್ಪು. ನಾಳೆ ಆ ಸೀಟಿನ ಮೇಲೆ ಕೂರುವುದು ಹೆಬ್ಬೆರಳಲ್ಲ ಎಂದು ಯಾರೂ ನೆನಪಿಸುವುದಿಲ್ಲ.

ಚರ್ಮದ ಸೀಟು ಕೇಳಿದಾಗ ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಭಾಳ ಗಟ್ಟಿ ಸಾರ್ ಅದು, ಕುಂಡಿ ನೋಯ್ತತಿ. ಸ್ಪಂಜಿಂದು ತಗೊಳ್ರಿ, ಮ್ಯಾಲೊಂದು ಕವರ್ ಹಾಕ್ಕೊಡ್ತೀನಿ."

ಸಂತೆಗೆ ಹೋಗಿ ಬರುವವರಿಗೆ ಈ ಸಲಹೆ ಸಾಕು. ಕೊಟ್ಟೂರಿನವರೆಗೆ ತುಳಿಯುವವರಿಗೆ ಸಾಲದು. ಕೂತಾಗ ಮೈಭಾರ ಬೀಳುವುದು ಕುಂಡಿಯೊಳಗಿನ ಎರಡು ಎಲುಬುಗಳ ಮೇಲೆ. ಸ್ಪಂಜು ಅವುಗಳ ಕೆಳಗೆ ಕುಸಿದು ನಡುವೆ ಉಬ್ಬುತ್ತದೆ. ಉಬ್ಬಿದ್ದು ಎಲ್ಲಿ ಒತ್ತುತ್ತದೆಂದು ಬಿಡಿಸಿ ಬರೆಯುವುದು ಪತ್ರಿಕೆಗೆ ಶೋಭೆಯಲ್ಲ.

ಚರ್ಮದ ಸೀಟಿನೊಳಗೆ ಹತ್ತಿಯೂ ಇಲ್ಲ, ಸ್ಪಂಜೂ ಇಲ್ಲ. ನಮ್ಮ ಹೊರಸಿನ ಹಾಗೆ, ಹಿಂದಿನ ಕಂಬಿಯಿಂದ ಮುಂದಿನ ಮೂತಿಯವರೆಗೆ ಬಿಗಿದು ಕಟ್ಟಿದ ದಪ್ಪ ಚರ್ಮ, ಅಷ್ಟೇ. ಹೊರಸು ಜೋತುಬಿದ್ದರೆ ಕಾಲುಗಡೆಯ ಹಗ್ಗ ಎಳೆದು ಬಿಗಿಯುತ್ತೇವಲ್ಲ, ಇಲ್ಲಿ ಮೂತಿಯ ಕೆಳಗೆ ಅದಕ್ಕೊಂದು ನಟ್ಟಿದೆ. ಪಾನಾ ಹಾಕಿ ಸ್ವಲ್ಪವೇ ತಿರುಗಿಸಬೇಕು. ಇನ್ನೊಂದು ಸುತ್ತು ಇರಲಿ ಎಂಬ ಆಸೆಬುರುಕರ ಸೀಟು ಹರಿಯುತ್ತದೆ.

ಈ ಸೀಟಿನ ದೊಡ್ಡ ಹೆಸರು ಬ್ರೂಕ್ಸ್. ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಚರ್ಮದ ಸಾಮಾನಿನ ವ್ಯಾಪಾರ ಶುರುಮಾಡಿದವನು. ಅವನ ಕುದುರೆ ಸತ್ತಿತು, ಎರವಲು ತಂದ ಸೈಕಲ್ಲಿನ ಮರದ ಸೀಟು ಅವನನ್ನು ನರಳಿಸಿತು, 1882ರಲ್ಲಿ ಅವನು ಚರ್ಮದ ಸೀಟಿಗೆ ಪೇಟೆಂಟ್ ಪಡೆದ ಎಂಬುದು ಕಂಪನಿಯೇ ಹೇಳಿಕೊಳ್ಳುವ ಕಥೆ. ಪಾಪ, ಕುದುರೆಗೆ ಪೇಟೆಂಟಿನಲ್ಲಿ ಪಾಲು ಸಿಕ್ಕಿದಂತಿಲ್ಲ.

ಆರಿಸುವಾಗ ನೋಡಬೇಕಾದದ್ದು ಅಗಲ. ಅಟ್ಲಾಸ್, ಹೀರೋದಂಥ ಕರೀ ಸೈಕಲ್ಲಿನಲ್ಲಿ ನೆಟ್ಟಗೆ ಕೂರುತ್ತೇವೆ, ಭಾರವೆಲ್ಲ ಹಿಂದಕ್ಕೆ. ಅದಕ್ಕೆ ಸ್ಪ್ರಿಂಗಿನ ಅಗಲವಾದ ಸೀಟೇ ಸರಿ. ಬಗ್ಗಿ ಓಡಿಸುವ ಹುಡುಗರಿಗೆ ಕಿರಿದಾದದ್ದು. ಸೀಟು ಕೂರಿಸುವಾಗ ಮೂತಿ ನೆಲಕ್ಕೆ ಬಾಗಿದರೆ ದಾರಿಯುದ್ದಕ್ಕೂ ಜಾರಿ ಹ್ಯಾಂಡಲ್ಲಿಗೆ ಜೋತುಬೀಳುತ್ತೀರಿ.

ಸೀಟು ತಂದ ದಿನ ಪಕ್ಕದ ಮನೆಯ ಅಜ್ಜ ಹೊಟ್ಟೆನೋವಿಗೂ ಮೊಣಕಾಲಿಗೂ ಹೇಳುವ ಔಷಧಿಯನ್ನೇ ಹೇಳಿದರು: "ಹರಳೆಣ್ಣಿ ಹಚ್ಚಪ್ಪ." ಎಣ್ಣೆ ಕುಡಿಸಿದ ಚರ್ಮ ಬೇಗ ಮೆತ್ತಗಾಗುತ್ತದೆ, ಅಷ್ಟೇ ಬೇಗ ಜೋತೂ ಬೀಳುತ್ತದೆ. ಮಳೆ ಬಂದರೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿ; ನೆನೆದರೆ ನೆರಳಲ್ಲಿ ಒಣಗಿಸಿ. ನಮ್ಮೂರಿನ ಬಿಸಿಲಿಗಿಟ್ಟರೆ ಸೆಟೆದುಕೊಳ್ಳುತ್ತದೆ. ಉಳಿದದ್ದನ್ನು ತುಳಿದೇ ಪಳಗಿಸಬೇಕು. ಕೂಡ್ಲಿಗಿಗೆ, ಹಡಗಲಿಗೆ, ಕೊಟ್ಟೂರೇಶ್ವರನ ತೇರಿಗೆ ಎಂದು ಕೆಲವು ನೂರು ಕಿಲೋಮೀಟರ್ ಸುತ್ತಿದ ಮೇಲೆ ಹಿಂಭಾಗದಲ್ಲಿ ಎರಡು ಸಣ್ಣ ಗುಳಿ ಕಾಣುತ್ತವೆ. ಚರ್ಮ ಅಲ್ಲಿ ಮಾತ್ರ ಮಿರಮಿರ ಮಿಂಚುತ್ತದೆ. ಅವು ನಿಮ್ಮ ಎಲುಬಿನ ಅಳತೆಯವು, ಇನ್ನೊಬ್ಬರಿಗೆ ಕೂರುವುದಿಲ್ಲ.

"ಹಂಗ ಒಂದ್ ರೌಂಡು ಹೋಗಿ ಬರ್ತೀನಿ" ಎನ್ನುವ ಬಂಧುಮಿತ್ರರಲ್ಲಿ ಒಂದು ವಿನಂತಿ: ಸೈಕಲ್ ಧಾರಾಳವಾಗಿ ಒಯ್ಯಿರಿ, ಸೀಟು ಬಿಚ್ಚಿಟ್ಟುಕೊಂಡು ಕೊಡುತ್ತೇನೆ.